ದಿನಸಿ ಅಂಗಡಿಯಿಂದ ದಿವಾನಗಿರಿಯವರೆಗೆ: ಪೂರ್ಣಯ್ಯನವರ ಬದುಕು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಬಾಲ್ಯದ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಬರೆಯಲು ಕುಳಿತಾಗ ನೆನಪಿಗೆ ಬಂದದ್ದು ನಮ್ಮ ಬೀದಿಯ ಮೂಲೆಯಲ್ಲಿದ್ದ ದಿನಸಿ ಅಂಗಡಿ, ಅದರ ಗಲ್ಲಾಪೆಟ್ಟಿಗೆಯ ಪಕ್ಕ ದಾರ ಕಟ್ಟಿ ತೂಗುಹಾಕಿದ್ದ ಸಾಲದ ಪುಸ್ತಕ, ಮತ್ತು ಅದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಸಹಪಾಠಿ. ಅವನು ಒಂಬತ್ತನೇ ತರಗತಿಯಲ್ಲಿದ್ದಾಗ ತಂದೆಯನ್ನು ಕಳೆದುಕೊಂಡು ಶಾಲೆ ಬಿಟ್ಟ. ಅವನ ವಿಚಾರ ಕೊನೆಗೆ ಬರೆಯುತ್ತೇನೆ. ಅದಕ್ಕೂ ಮೊದಲು, ಸುಮಾರು ಇನ್ನೂರ ಎಪ್ಪತ್ತು ವರ್ಷಗಳ ಹಿಂದೆ ಹಾಗೆಯೇ ತಂದೆಯನ್ನು ಕಳೆದುಕೊಂಡು, ಹಾಗೆಯೇ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕುಳಿತ ಇನ್ನೊಬ್ಬ ಹುಡುಗನ ಕಥೆ ಹೇಳುತ್ತೇನೆ. ಆ ಹುಡುಗ ನಮ್ಮ ಸೀಮೆಗೆ ಹೊಸಬನಲ್ಲ. ಮುಂದೆ ನಮ್ಮ ಯಳಂದೂರೇ ಅವನ ಜಹಗೀರಾಯಿತು. ಅವರೇ ಮೈಸೂರಿನ ದಿವಾನ್ ಪೂರ್ಣಯ್ಯನವರು.

ಯಳಂದೂರಿನಲ್ಲಿ ಓದಿದವರಿಗೆ ಪೂರ್ಣಯ್ಯನವರ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ಬಳೇಮಂಟಪ ನೋಡಲು ಬಂದ ನೆಂಟರಿಗೆ ಜಹಗೀರುದಾರರ ಬಂಗಲೆಯನ್ನೂ ತೋರಿಸಿ ಕಳಿಸುವುದು ನಮ್ಮ ಕಡೆಯ ರೂಢಿ. ಆದರೆ ನನಗೆ ಆ ಬಂಗಲೆ ಎಂದರೆ ದೊಡ್ಡವರ ಮನೆ, ದೊಡ್ಡವರ ಕಥೆ ಎಂದಷ್ಟೇ ಅನ್ನಿಸುತ್ತಿತ್ತು. ಅದರ ಒಡೆಯರಾದವರು ಒಂದು ಕಾಲದಲ್ಲಿ ಉಪ್ಪು, ಬೆಲ್ಲ, ಅಕ್ಕಿಯ ಲೆಕ್ಕ ಬರೆಯುತ್ತಿದ್ದ ಹುಡುಗನಾಗಿದ್ದರು ಎಂಬುದು ತಿಳಿದದ್ದು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಅಂದಿನಿಂದ ಸಿಕ್ಕಷ್ಟು ಓದಿಕೊಂಡಿದ್ದೇನೆ. ನಾನು ಇತಿಹಾಸ ಓದಿದವನಲ್ಲ. ತಿಳಿದಷ್ಟನ್ನು ನಮ್ಮ ಶಾಲೆಯ ಮಕ್ಕಳಿಗೆ ಅರ್ಥವಾಗುವಂತೆ ಹೇಳುವುದಷ್ಟೇ ನನ್ನ ಉದ್ದೇಶ.

ಬಾಲ್ಯ ಮತ್ತು ಬಡತನ

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಇಂದಿನ ತಮಿಳುನಾಡಿಗೆ ಸೇರಿದ ಸೀಮೆಯಲ್ಲಿ. ಮಾಧ್ವ ಬ್ರಾಹ್ಮಣ ಕುಟುಂಬ. ತಂದೆಯ ಹೆಸರು ಕೃಷ್ಣಾಚಾರ್ಯ. ಮನೆಯಲ್ಲಿ ವಿದ್ಯೆ ಇತ್ತು, ಆಸ್ತಿ ಇರಲಿಲ್ಲ. ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮನೆಗೆ ಬೇರೆ ವರಮಾನವಿಲ್ಲ. ಹನ್ನೊಂದು ವರ್ಷ ಎಂದರೆ ನಮ್ಮ ಲೆಕ್ಕದಲ್ಲಿ ಆರನೇ ತರಗತಿ. ಆ ವಯಸ್ಸಿಗೆ ಹುಡುಗ ಒಬ್ಬ ದಿನಸಿ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ.

ಆ ಕಾಲದ ಅಂಗಡಿ ಲೆಕ್ಕ ಎಂದರೆ ಈಗಿನ ಮಕ್ಕಳಿಗೆ ಸುಲಭವಾಗಿ ಊಹೆಗೆ ಬರುವುದಿಲ್ಲ. ಒಂದು ರೂಪಾಯಿಗೆ ನೂರು ಪೈಸೆ, ಒಂದು ಕಿಲೋಗೆ ಸಾವಿರ ಗ್ರಾಂ ಎಂಬ ಸರಳ ದಶಮಾನ ಪದ್ಧತಿ ಆಗ ಇರಲಿಲ್ಲ. ಕಾಳುಕಡಿಗೆ ಪಾವು, ಸೇರು, ಕೊಳಗ, ಖಂಡುಗ. ಬೆಲ್ಲ, ತುಪ್ಪ, ಹುಣಸೆಹಣ್ಣಿಗೆ ತೂಕದ ಸೇರು ಮತ್ತು ಮಣ. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ನಾಣ್ಯಗಳೂ ಹಾಗೆಯೇ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ ಎಂಬುದು ಮೈಸೂರು ಸೀಮೆಯ ಲೆಕ್ಕವಾದರೆ, ಮದರಾಸಿನ ಕಡೆಯಿಂದ ಬರುವ ವರಹದ ಬೆಲೆಯೇ ಬೇರೆ, ರೂಪಾಯಿಯ ಬೆಲೆಯೇ ಬೇರೆ. ನಾಣ್ಯ ಸವೆದಿದ್ದರೆ ಅದಕ್ಕೆ ಬಟ್ಟಾ ಕಳೆಯಬೇಕು. ಇಷ್ಟನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿ, ದಿನದ ಕಿರ್ದಿಯಲ್ಲಿ ಬರೆದು, ಅದರಿಂದ ಖಾತೆಗೆ ಏರಿಸಬೇಕು. ಸಂಜೆ ಗಲ್ಲಾಪೆಟ್ಟಿಗೆಯಲ್ಲಿರುವ ಹಣಕ್ಕೂ ಪುಸ್ತಕದ ಮೊತ್ತಕ್ಕೂ ತಾಳೆಯಾಗಬೇಕು.

ಕನ್ನಡ ಸೀಮೆಯಲ್ಲಿ ಇಂಥ ಲೆಕ್ಕವನ್ನು ಬರೆಯುತ್ತಿದ್ದದ್ದು ಕಡತದಲ್ಲಿ. ಇವತ್ತು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಆದರೆ ಅದು ಮೂಲದಲ್ಲಿ ಕಾಗದವಲ್ಲ, ಬಟ್ಟೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಅತ್ತಿತ್ತ ಮಡಿಸುತ್ತಾ ಹೋದರೆ ಕಪ್ಪನೆಯ ಪುಸ್ತಕವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಲು ಬರುವ ಪುಸ್ತಕದಲ್ಲಿ ಲೆಕ್ಕ ಇಡುವವನಿಗೆ ಎರಡು ಗುಣ ಇರಲೇಬೇಕು. ಒಂದು, ಒರೆಸಿದರೂ ಮರೆಯದ ನೆನಪು. ಇನ್ನೊಂದು, ಒರೆಸಲು ಅವಕಾಶವಿದ್ದರೂ ತಿದ್ದದ ಪ್ರಾಮಾಣಿಕತೆ. ಪೂರ್ಣಯ್ಯನವರ ಬಗ್ಗೆ ಬರೆದವರೆಲ್ಲ ಅವರ ನೆನಪಿನ ಶಕ್ತಿಯನ್ನು ವಿಶೇಷವಾಗಿ ಹೇಳುತ್ತಾರೆ. ಅದು ಹುಟ್ಟಿನಿಂದ ಬಂದಿರಬಹುದು. ಆದರೆ ಅದಕ್ಕೆ ಸಾಣೆ ಹಿಡಿದದ್ದು ಆ ಅಂಗಡಿಯೇ ಎಂದು ನನ್ನ ಅನಿಸಿಕೆ.

ಆ ಅಂಗಡಿಯ ಯಜಮಾನರಿಗೆ ಒಬ್ಬ ಸಿರಿವಂತ ವರ್ತಕರ ಜೊತೆ ವ್ಯವಹಾರವಿತ್ತು. ಅವರ ಹೆಸರು ಅನ್ನದಾನ ಶೆಟ್ಟರು. ಅವರು ಶ್ರೀರಂಗಪಟ್ಟಣದಲ್ಲಿ ಹೈದರಾಲಿಗೆ ದಿನಸಿ ಸಾಮಾನು ಪೂರೈಸುತ್ತಿದ್ದವರು. ಹುಡುಗನ ಅಕ್ಷರ, ಲೆಕ್ಕ, ಚುರುಕುತನ ಶೆಟ್ಟರ ಕಣ್ಣಿಗೆ ಬಿತ್ತು. ಹೀಗೆ ಸಣ್ಣ ಊರಿನ ಅಂಗಡಿಯಿಂದ ದೊಡ್ಡ ಮಂಡಿಗೆ, ಮಂಡಿಯಿಂದ ಅರಮನೆಯ ಬಾಗಿಲಿಗೆ ದಾರಿ ತೆರೆಯಿತು.

ಹೈದರಾಲಿಯ ಕಣ್ಣಿಗೆ ಬಿದ್ದದ್ದು

ಹೈದರಾಲಿಗೆ ಸ್ವತಃ ಓದು ಬರಹ ಬರುತ್ತಿರಲಿಲ್ಲ. ಆದರೆ ಮನುಷ್ಯರನ್ನು ಓದುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸಾಮಾನ್ಯ ಸಿಪಾಯಿಯ ಮಟ್ಟದಿಂದ ಮೇಲೆ ಬಂದು 1761ರ ಹೊತ್ತಿಗೆ ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡವರು ಅವರು. ಜಾತಿ ಮತ ನೋಡದೆ ಕೆಲಸ ಬಲ್ಲವರನ್ನು ಹತ್ತಿರ ಸೇರಿಸಿಕೊಳ್ಳುತ್ತಿದ್ದರು. ಅವರ ಸೈನ್ಯ ಸದಾ ಓಡಾಡುವ ಸೈನ್ಯ. ಇವತ್ತು ಕೋಲಾರ, ನಾಳೆ ಆರ್ಕಾಟು, ಇನ್ನೊಂದು ತಿಂಗಳಿಗೆ ಮಲಬಾರು. ಸಿಪಾಯಿಗಳಿಗೆ ಅಕ್ಕಿ ರಾಗಿ, ಕುದುರೆಗಳಿಗೆ ಹುರುಳಿ, ತೋಪು ಎಳೆಯುವ ಅಮೃತಮಹಲ್ ಎತ್ತುಗಳಿಗೆ ಮೇವು, ಎಲ್ಲವೂ ಹೊತ್ತಿಗೆ ಸರಿಯಾಗಿ ತಲುಪಬೇಕು. ಯುದ್ಧ ಗೆಲ್ಲುವುದು ಕತ್ತಿಯಿಂದ ಎಂದು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಹಸಿದ ಸಿಪಾಯಿ ಕತ್ತಿ ಎತ್ತಲಾರ. ಇಷ್ಟು ಜನಕ್ಕೆ ಇಷ್ಟು ದಿನಕ್ಕೆ ಇಷ್ಟು ದವಸ, ಅದಕ್ಕೆ ಇಷ್ಟು ಎತ್ತು, ಇಷ್ಟು ಹಣ ಎಂದು ಹೇಳಬಲ್ಲವನು ಅಂಥ ದೊರೆಗೆ ಸೇನಾಪತಿಯಷ್ಟೇ ಮುಖ್ಯ.

ಪೂರ್ಣಯ್ಯನವರು ಹೈದರಾಲಿಯ ಲೆಕ್ಕಪತ್ರದ ಕಚೇರಿಗೆ ಸೇರಿದ್ದು ಹೀಗೆ. ಅಕ್ಷರ ಚೆನ್ನಾಗಿತ್ತು, ಲೆಕ್ಕ ತಪ್ಪುತ್ತಿರಲಿಲ್ಲ, ಹಲವು ಭಾಷೆಗಳು ಬರುತ್ತಿದ್ದವು. 1770ರ ದಶಕದಲ್ಲಿ ಅವರು ಒಂದೊಂದೇ ಮೆಟ್ಟಿಲು ಹತ್ತಿ ಖಜಾನೆಯ ಹೊಣೆ ಹೊತ್ತರು. ಹೈದರಾಲಿಯ ಅತ್ಯಂತ ನಂಬಿಕೆಯ ಕೆಲವರಲ್ಲಿ ಒಬ್ಬರಾದರು. ಅಂಗಡಿ ಸೇರಿದ ಹನ್ನೊಂದು ವರ್ಷದ ಹುಡುಗನಿಗೆ ಈಗ ಮೂವತ್ತು ದಾಟಿತ್ತು. ಅಂದರೆ ಈಗ ನನಗಿರುವ ವಯಸ್ಸು.

ಆ ನಂಬಿಕೆಯ ಪರೀಕ್ಷೆ 1782ರ ಡಿಸೆಂಬರ್‌ನಲ್ಲಿ ಬಂತು. ಇಂಗ್ಲಿಷರ ಜೊತೆ ಎರಡನೇ ಯುದ್ಧ ನಡೆಯುತ್ತಿತ್ತು. ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ನರಳುತ್ತಿದ್ದ ಹೈದರಾಲಿ ಡಿಸೆಂಬರ್ 7ರಂದು ತೀರಿಕೊಂಡರು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ದೊರೆ ಸತ್ತ ಸುದ್ದಿ ಹೊರಬಿದ್ದರೆ ಸೈನ್ಯ ಚದುರುತ್ತದೆ, ಎದುರಿಗಿರುವ ಇಂಗ್ಲಿಷರು ಮೇಲೆ ಬೀಳುತ್ತಾರೆ, ಒಳಗಿನವರು ಗದ್ದುಗೆಗೆ ಕಿತ್ತಾಡುತ್ತಾರೆ. ಆಗ ಪೂರ್ಣಯ್ಯನವರೂ ಇನ್ನೊಬ್ಬ ಮಂತ್ರಿ ಕೃಷ್ಣರಾಯರೂ ಕೆಲವರ ಜೊತೆ ಸೇರಿ ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ದೇಹವನ್ನು ಸುಗಂಧ ದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಪೆಟ್ಟಿಗೆ ಸಾಗಿಸುವಂತೆ ಕಾವಲಿನ ಜೊತೆ ಕೋಲಾರಕ್ಕೆ ಕಳಿಸಿದರು. ದೊರೆಗೆ ಕಾಯಿಲೆ ಇದೆ, ಆದರೆ ಆಜ್ಞೆ ನಡೆಯುತ್ತಿದೆ ಎಂಬಂತೆ ಪಾಳೆಯದ ಕೆಲಸಗಳು ಎಂದಿನಂತೆ ಸಾಗಿದವು. ಹೈದರಾಲಿಯ ಕಿರಿಯ ಮಗನನ್ನು ಗದ್ದುಗೆಗೆ ಏರಿಸುವ ಒಂದು ಸಂಚು ನಡೆದರೂ ಅದನ್ನು ಹತ್ತಿಕ್ಕಲಾಯಿತು. ಟಿಪ್ಪು ಬಂದು ಸೇರುವ ತನಕ ಅಷ್ಟು ದೊಡ್ಡ ಸೈನ್ಯ ಒಡೆಯದೆ ಉಳಿಯಿತು. ಇದಕ್ಕೆ ಧೈರ್ಯವೂ ಬೇಕಿತ್ತು, ಬಾಯಿ ಬಿಗಿ ಹಿಡಿಯುವ ಶಕ್ತಿಯೂ ಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಖಜಾನೆಯ ಬೀಗದ ಕೈ ಇದ್ದವರು ಅದನ್ನು ತಮಗಾಗಿ ಬಳಸಿಕೊಳ್ಳಲಿಲ್ಲ.

ಟಿಪ್ಪುವಿನ ಕಾಲ

ಟಿಪ್ಪು ಸುಲ್ತಾನರ ಹದಿನಾರು ವರ್ಷಗಳ ಆಳ್ವಿಕೆಯಲ್ಲಿಯೂ ಪೂರ್ಣಯ್ಯನವರು ಆಡಳಿತದ ಮೇಲ್ಸ್ತರದಲ್ಲೇ ಇದ್ದರು. ಕಂದಾಯ ಮತ್ತು ಹಣಕಾಸು ನೋಡುವುದರ ಜೊತೆಗೆ ಕೆಲವು ವೇಳೆ ಸೈನ್ಯದ ತುಕಡಿಗಳನ್ನೂ ನಡೆಸಿದರು. 1792ರ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಕೊಡಬೇಕಾಯಿತು. ಹಣ ತೀರುವ ತನಕ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಇಂಗ್ಲಿಷರ ಒತ್ತೆಯಾದರು. ಅರ್ಧ ರಾಜ್ಯದ ವರಮಾನದಲ್ಲಿ ಅಷ್ಟು ಹಣವನ್ನು ಹೊಂದಿಸುವ ಭಾರ ಕೊನೆಗೆ ಬಿದ್ದದ್ದು ರೈತನ ಬೆನ್ನ ಮೇಲೆ. ಆ ಕಾಲದ ಕಂದಾಯದ ಬಿಗಿಯನ್ನು ನೆನೆಯುವಾಗ, ಅದನ್ನು ವಸೂಲು ಮಾಡಿದ ಆಡಳಿತದಲ್ಲಿ ಪೂರ್ಣಯ್ಯನವರೂ ಇದ್ದರು ಎಂಬುದನ್ನು ಮರೆಯಬಾರದು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದರು. ಈ ದಿನದ ಬಗ್ಗೆ ನಮ್ಮ ಕಡೆ ಒಂದು ಮಾತು ಇಂದಿಗೂ ಓಡಾಡುತ್ತದೆ. ಕೋಟೆಗೋಡೆ ಒಡೆದ ಜಾಗದಲ್ಲಿದ್ದ ಸಿಪಾಯಿಗಳನ್ನು ಸಂಬಳ ಬಟವಾಡೆಯ ನೆಪದಲ್ಲಿ ಅಲ್ಲಿಂದ ಕರೆಸಿಕೊಳ್ಳಲಾಯಿತು, ಅದರಿಂದಲೇ ಇಂಗ್ಲಿಷರು ಒಳನುಗ್ಗಿದರು ಎಂದು. ಮೀರ್ ಸಾದಿಕ್‌ನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಕೆಲವರು ಪೂರ್ಣಯ್ಯನವರ ಹೆಸರನ್ನೂ ಸೇರಿಸುತ್ತಾರೆ. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ನನ್ನಂಥವನು ತೀರ್ಪು ಕೊಡುವ ವಿಷಯವೂ ಅಲ್ಲ. ಒಂದು ಸಂಗತಿಯನ್ನು ಮಾತ್ರ ಇಲ್ಲಿ ಹೇಳಬೇಕು. ಕೋಟೆ ಬಿದ್ದ ಮೇಲೆ ಮುಂದಿನ ದೊರೆ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಪೂರ್ಣಯ್ಯನವರು ಮೊದಲು ಸೂಚಿಸಿದ್ದು ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನು. ಇಂಗ್ಲಿಷರು ಅದನ್ನು ಒಪ್ಪಲಿಲ್ಲ. ಒಡೆಯರ ಮನೆತನದ ಮಗುವನ್ನು ಗದ್ದುಗೆಗೆ ತರಲು ತೀರ್ಮಾನಿಸಿದರು. ಟಿಪ್ಪು ಸತ್ತ ಮೇಲೂ ಅವರ ಮಗನ ಪರವಾಗಿ ಮಾತನಾಡಿದವರನ್ನು ದ್ರೋಹಿ ಎನ್ನುವ ಮೊದಲು ಎರಡು ಸಲ ಯೋಚಿಸಬೇಕು. ಹಾಗೆಯೇ, ಗೆದ್ದವರ ಕೈಕೆಳಗೆ ಅಷ್ಟು ಬೇಗ ದಿವಾನರಾದದ್ದನ್ನು ನೋಡಿ ಜನ ಅನುಮಾನ ಪಟ್ಟರೆ ಅದನ್ನೂ ಪೂರ್ತಿ ತಪ್ಪೆನ್ನಲಾಗದು.

ದಿವಾನಗಿರಿಯ ಹನ್ನೆರಡು ವರ್ಷ

1799ರ ಜೂನ್ 30ರಂದು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ದೊರೆಗೆ ಆಗ ಇನ್ನೂ ಐದು ವರ್ಷ ತುಂಬಿರಲಿಲ್ಲ. ರಾಜ್ಯದ ಪೂರ್ತಿ ಹೊಣೆ ದಿವಾನ್ ಪೂರ್ಣಯ್ಯನವರ ಮೇಲೆ ಬಿತ್ತು. ಅವರಿಗೆ ಆಗ ಐವತ್ತಮೂರು ವರ್ಷ.

ಅವರ ಕೈಗೆ ಬಂದ ರಾಜ್ಯ ಹೇಗಿತ್ತು? ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬಿಟ್ಟು ಬಿಟ್ಟು ನಡೆದ ಯುದ್ಧಗಳಿಂದ ಸೊರಗಿತ್ತು. ಕೆರೆ ಕಟ್ಟೆಗಳು ಒಡೆದಿದ್ದವು. ಊರು ಬಿಟ್ಟು ಹೋದವರು ಬಹಳ. ಗಡಿಗಳೂ ಬದಲಾದವು. ನಮ್ಮ ಭಾಗದವರಿಗೆ ಮುಖ್ಯವಾದ ಸಂಗತಿ ಇಲ್ಲೇ ಇದೆ. 1799ರ ಹಂಚಿಕೆಯಲ್ಲಿ ಕೊಳ್ಳೇಗಾಲ ಸೀಮೆ ಇಂಗ್ಲಿಷ್ ಕಂಪನಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿಯಿತು. ಅರ್ಧ ಗಂಟೆಯ ಬಸ್ಸು ದಾರಿಯ ಎರಡು ಊರುಗಳ ನಡುವೆ ಎರಡು ಸರ್ಕಾರದ ಗಡಿ ಬಂತು. ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿ ಮಾರ್ಗವಾಗಿ ಪ್ರಯಾಣ ಮಾಡಿ ಇಲ್ಲಿನ ಬೆಳೆ, ಕಾಡು, ಜನರ ವಿಚಾರ ಬರೆದಿಟ್ಟಿದ್ದಾರೆ. ಕೊಳ್ಳೇಗಾಲ, ಹನೂರು ಭಾಗ ಮತ್ತೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು, ಭಾಷಾವಾರು ಪ್ರಾಂತ್ಯ ರಚನೆಯಾದಾಗ. ನಮ್ಮ ಹಿರಿಯರು ಕೊಳ್ಳೇಗಾಲದ ನೆಂಟರನ್ನು ಮದರಾಸ್ ಸೀಮೆಯವರು ಎನ್ನುತ್ತಿದ್ದದ್ದು ತಮಾಷೆಗಲ್ಲ.

ಉಳಿದ ರಾಜ್ಯದ ಮೇಲೆ ಕಂಪನಿಯ ಕಪ್ಪದ ಹೊರೆ ಇತ್ತು. ವರ್ಷಕ್ಕೆ 7 ಲಕ್ಷ ಸ್ಟಾರ್ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಟ್ಟಬೇಕು. ಕಟ್ಟದಿದ್ದರೆ ಕಂಪನಿ ರಾಜ್ಯಾಡಳಿತವನ್ನೇ ತನ್ನ ಕೈಗೆ ತೆಗೆದುಕೊಳ್ಳುವ ಹಕ್ಕು ಒಪ್ಪಂದದಲ್ಲಿತ್ತು. ಆದ್ದರಿಂದ ಪೂರ್ಣಯ್ಯನವರಿಗೆ ಲೆಕ್ಕ ಎಂಬುದು ಬರಿಯ ಲೆಕ್ಕವಾಗಿರಲಿಲ್ಲ. ಒಂದು ಕಂತು ತಪ್ಪಿದರೆ ರಾಜ್ಯವೇ ಹೋಗುತ್ತಿತ್ತು. ಅವರ ಕಾಲದಲ್ಲಿ ಕಂತು ತಪ್ಪಲಿಲ್ಲ. ಕಪ್ಪ ಕಟ್ಟಿದ ಮೇಲೂ ಉಳಿಸಿದರು. ಅವರು ಅಧಿಕಾರ ಬಿಡುವ ಹೊತ್ತಿಗೆ ಖಜಾನೆಯಲ್ಲಿ ಎರಡು ಕೋಟಿಗೂ ಮಿಕ್ಕಿ ಹಣ ಸೇರಿತ್ತು ಎಂದು ಮೈಸೂರಿನ ಚರಿತ್ರೆ ಬರೆದವರು ಹೇಳುತ್ತಾರೆ.

ಹಣ ಕೂಡಿಟ್ಟರಷ್ಟೇ ಅಲ್ಲ, ಖರ್ಚನ್ನೂ ಮಾಡಿದರು. ಒಡೆದ ಕೆರೆಗಳನ್ನು ಕಟ್ಟಿಸಿದರು, ಕಾಲುವೆಗಳನ್ನು ದುರಸ್ತಿ ಮಾಡಿಸಿದರು, ರಸ್ತೆಗಳನ್ನು ಹಾಕಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಸೇತುವೆ ಕಟ್ಟಿಸಿದ್ದು ಅವರ ಕಾಲದಲ್ಲೇ, 1804ರಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕಿಟ್ಟರು. ಕಲ್ಲುಕಂಬಗಳನ್ನು ನಿಲ್ಲಿಸಿ ಮೇಲೆ ಕಲ್ಲುಚಪ್ಪಡಿ ಹೊದಿಸಿ ಕಟ್ಟಿದ ಆ ಸೇತುವೆ ಎಷ್ಟೋ ಪ್ರವಾಹಗಳನ್ನು ಕಂಡು ಇಂದಿಗೂ ನಿಂತಿದೆ. ಮೈಸೂರು ನಗರಕ್ಕೆ ಕಾವೇರಿ ನೀರು ತರಲು ಒಂದು ಕಾಲುವೆಯನ್ನೂ ತೋಡಿಸಿದರು. ಆ ಕೆಲಸ ಗುರಿ ಮುಟ್ಟಲಿಲ್ಲ. ಆದರೂ ಪೂರ್ಣಯ್ಯ ನಾಲೆ ಎಂಬ ಹೆಸರು ಮೈಸೂರಿನಲ್ಲಿ ಉಳಿದಿದೆ. ದಾರಿಹೋಕರಿಗೆ ಛತ್ರಗಳನ್ನು ಕಟ್ಟಿಸಿದರು.

ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾಗಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆಗ ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಸೇನಾಧಿಕಾರಿ. 1800ರಲ್ಲಿ ಧೋಂಡಿಯ ವಾಘ್‌ನ ಬೆನ್ನಟ್ಟಿ ಹೋದಾಗಲೂ, 1803ರಲ್ಲಿ ಮರಾಠರ ಮೇಲೆ ಯುದ್ಧಕ್ಕೆ ಹೋದಾಗಲೂ ಆತನ ಸೈನ್ಯಕ್ಕೆ ಮೈಸೂರಿನಿಂದ ದವಸ, ಎತ್ತು, ಕುದುರೆ ಸವಾರರನ್ನು ಒದಗಿಸಿದವರು ಪೂರ್ಣಯ್ಯನವರು. ದಿನಸಿ ಅಂಗಡಿಯಲ್ಲಿ ಕಲಿತ ವಿದ್ಯೆ ಇಲ್ಲಿಯೂ ಕೈ ಬಿಡಲಿಲ್ಲ. ವೆಲ್ಲೆಸ್ಲಿ ಇಲ್ಲಿಂದ ಹೊರಡುವಾಗ ತನ್ನ ಭಾವಚಿತ್ರವೊಂದನ್ನು ಪೂರ್ಣಯ್ಯನವರಿಗೆ ನೆನಪಿಗಾಗಿ ಕೊಟ್ಟು ಹೋದರು. ಥಾಮಸ್ ಹಿಕಿ ಎಂಬ ಚಿತ್ರಕಾರ ಪೂರ್ಣಯ್ಯನವರ ಚಿತ್ರವನ್ನೂ ಬರೆದಿದ್ದಾನೆ. ಅದರ ಪ್ರತಿಯನ್ನು ನೋಡಿದರೆ ಬಿಳಿ ಉಡುಪಿನ, ಗಂಭೀರ ಮುಖದ ಹಿರಿಯರೊಬ್ಬರು ಕಾಣುತ್ತಾರೆ.

ಯಳಂದೂರು ಜಹಗೀರು

ಈ ಸೇವೆಗೆ ಪ್ರತಿಯಾಗಿ 1807ರ ಡಿಸೆಂಬರ್‌ನಲ್ಲಿ ಯಳಂದೂರನ್ನು ಅವರಿಗೆ ವಂಶಪಾರಂಪರ್ಯ ಜಹಗೀರಾಗಿ ಕೊಡಲಾಯಿತು. ಯಳಂದೂರು ಆಗಲೇ ಹೆಸರಾಂತ ಊರು. ಹದಿನಾಡಿನ ಪಾಳೆಯಗಾರರು ಆಳಿದ ಸ್ಥಳ, ಬಳೇಮಂಟಪದ ಗೌರೀಶ್ವರ ದೇವಾಲಯವಿರುವ ಊರು, ಸಂಚಿ ಹೊನ್ನಮ್ಮ ಹುಟ್ಟಿ ಬೆಳೆದ ಊರು. ಸುವರ್ಣಾವತಿ ಹೊಳೆಯ ನೀರಿರುವ ಫಲವತ್ತಾದ ಭೂಮಿ, ಮೇಲೆ ಬಿಳಿಗಿರಿರಂಗನ ಬೆಟ್ಟ. ಅಂದಿನಿಂದ ಸ್ವಾತಂತ್ರ್ಯ ಬರುವ ತನಕ ಯಳಂದೂರು ಜಹಗೀರಾಗಿಯೇ ಉಳಿಯಿತು. ಪೂರ್ಣಯ್ಯನವರ ವಂಶದವರೇ ಆದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ಹೆಸರಿನ ಮೊದಲ ಅಕ್ಷರವೇ ಪೂರ್ಣಯ್ಯ.

ಇಷ್ಟಾದರೂ ಪೂರ್ಣಯ್ಯನವರ ಕೊನೆಯ ದಿನಗಳು ನೆಮ್ಮದಿಯವಾಗಿರಲಿಲ್ಲ. ಎಳೆಯ ದೊರೆ ದೊಡ್ಡವರಾಗುತ್ತಾ ಬಂದರು. ತಮ್ಮ ರಾಜ್ಯವನ್ನು ತಾವೇ ಆಳಬೇಕೆಂದು ಅವರಿಗೆ ಅನ್ನಿಸಿದ್ದು ಸಹಜ. ಪೂರ್ಣಯ್ಯನವರಿಗೆ ಅಧಿಕಾರ ಬಿಟ್ಟುಕೊಡಲು ಮನಸ್ಸಿರಲಿಲ್ಲ. ದಿವಾನಗಿರಿ ತಮ್ಮ ಮನೆತನದಲ್ಲೇ ಉಳಿಯಲಿ ಎಂಬ ಆಸೆಯೂ ಅವರಿಗಿತ್ತು. ದೊರೆಗೂ ದಿವಾನರಿಗೂ ಮನಸ್ತಾಪ ಬೆಳೆಯಿತು. ಕೊನೆಗೆ 1811ರಲ್ಲಿ ಪೂರ್ಣಯ್ಯನವರು ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು. ಕೆಲವೇ ತಿಂಗಳಲ್ಲಿ, 1812ರ ಮಾರ್ಚ್‌ನಲ್ಲಿ, ಅಲ್ಲೇ ತೀರಿಕೊಂಡರು. ಅವರಿಗೆ ಅರವತ್ತಾರು ವರ್ಷವಾಗಿತ್ತು.

ಬಿಡುವುದು ಬರಲಿಲ್ಲ ಎಂಬುದು ಅವರ ಮೇಲಿರುವ ದೊಡ್ಡ ಆಕ್ಷೇಪಣೆ. ಓದುವಾಗ ನನಗೂ ಬೇಸರವಾಯಿತು. ಆಮೇಲೆ ಆ ಹನ್ನೊಂದು ವರ್ಷದ ಹುಡುಗ ನೆನಪಾದ. ಒಂದು ದಿನ ಬೆಳಗಾಗುವುದರೊಳಗೆ ಮನೆಯ ವರಮಾನ ನಿಂತುಹೋದದ್ದನ್ನು ಕಂಡವನು ಅವನು. ಖಜಾನೆ ತುಂಬಿರಲೇಬೇಕು, ಅಧಿಕಾರ ಕೈಯಲ್ಲಿರಲೇಬೇಕು, ಮಕ್ಕಳಿಗೆ ಆಧಾರವಿರಲೇಬೇಕು ಎಂಬ ಅವರ ಹಟದ ಹಿಂದೆ ಆ ದಿನದ ಭಯ ಇದ್ದಿರಬಹುದು. ಇದು ನನ್ನ ಊಹೆ ಮಾತ್ರ. ಆದರೆ ನಮ್ಮಂಥ ಬೀದಿಗಳಲ್ಲಿ ಬೆಳೆದವರಿಗೆ ಈ ಭಯದ ಗುರುತು ಸಿಗುತ್ತದೆ. ಬ್ಯಾಂಕಿನಲ್ಲಿ ಹಣವಿದ್ದರೂ ತಿಂಗಳ ಕೊನೆಗೆ ಎದೆ ಹೊಡೆದುಕೊಳ್ಳುವುದು ನಮಗಿನ್ನೂ ನಿಂತಿಲ್ಲ.

ನನ್ನ ಸಹಪಾಠಿಯ ವಿಚಾರ

ಪೂರ್ಣಯ್ಯನವರ ಕಥೆಯನ್ನು ಸಾಮಾನ್ಯವಾಗಿ ಒಂದು ನೀತಿಗಾಗಿ ಹೇಳುತ್ತಾರೆ. ಬುದ್ಧಿ ಇದ್ದವನು, ಕಷ್ಟಪಟ್ಟವನು ಎಲ್ಲಿದ್ದರೂ ಮೇಲೆ ಬರುತ್ತಾನೆ ಎಂದು. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ನನ್ನ ಸಹಪಾಠಿ ಲೆಕ್ಕದಲ್ಲಿ ನನಗಿಂತ ಮುಂದಿದ್ದ. ಮೇಷ್ಟರು ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳುತ್ತಿದ್ದ. ಅವನ ತಂದೆ ತೀರಿಕೊಂಡಾಗ ಅವನಿಗೆ ಹದಿನಾಲ್ಕು ವರ್ಷ. ಹದಿನೈದು ದಿನ ಬಿಟ್ಟು ಶಾಲೆಗೆ ಬಂದ, ಮತ್ತೆ ಒಂದು ವಾರ ಬಂದ, ಆಮೇಲೆ ಬರಲಿಲ್ಲ. ಸ್ವಲ್ಪ ದಿನ ಅವನ ಜಾಗ ಖಾಲಿ ಇತ್ತು. ಆಮೇಲೆ ನಾವೇ ಸರಿದು ಕುಳಿತೆವು. ನಾನು ಸಂಜೆ ಸಾಮಾನು ತರಲು ಹೋದಾಗ ಅವನು ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ನಮ್ಮ ಮನೆಯ ಸಾಲ ಬರೆದುಕೊಳ್ಳುತ್ತಿದ್ದ. ಶಾಲೆಗೆ ಯಾಕೆ ಬರುವುದಿಲ್ಲ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬಾರದ ಮಾತು ಎಂದು ಅನ್ನಿಸಿತ್ತೋ, ಏನು ಉತ್ತರ ಬರುತ್ತದೋ ಎಂದು ಹೆದರಿದ್ದೆನೋ ಗೊತ್ತಿಲ್ಲ. ಅವನ ಮನೆಗೆ ಬೇರೆ ಯಾರೂ ಹೋಗಿ ಕೇಳಿದಂತೆ ಕಾಣಲಿಲ್ಲ.

ಅವನು ಈಗಲೂ ಅಂಗಡಿ ಕೆಲಸದಲ್ಲೇ ಇದ್ದಾನೆ. ಹಬ್ಬಕ್ಕೆ ಊರಿಗೆ ಹೋದಾಗ ಸಿಗುತ್ತಾನೆ. ಹದಿನೈದು ಬಗೆಯ ಸಾಮಾನಿನ ಬೆಲೆಯನ್ನು ಚೀಟಿಯ ಮೇಲಿಂದ ಕೆಳಕ್ಕೆ ಒಂದು ಸಲ ಕಣ್ಣಾಡಿಸಿ ಮೊತ್ತ ಹೇಳುತ್ತಾನೆ. ನಾನು ಮೊಬೈಲ್‌ನಲ್ಲಿ ಕೂಡಿ ನೋಡಿದರೆ ಒಂದು ಪೈಸೆ ವ್ಯತ್ಯಾಸ ಬರುವುದಿಲ್ಲ. ನಾನು ದಿನವೂ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಸಂಬಳ ತೆಗೆದುಕೊಳ್ಳುವವನು. ಅವನ ಮುಂದೆ ನಿಂತಾಗ ನನ್ನ ಬಿ.ಇ. ಪದವಿ ಚಿಕ್ಕದಾಗಿ ಕಾಣುತ್ತದೆ. ಬದುಕಿನ ಬಗ್ಗೆ ಅವನಿಗೆ ದೂರಿಲ್ಲ. ತಂಗಿಯರನ್ನು ಓದಿಸಿದ್ದಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ. ಅದೂ ಸಣ್ಣ ಸಾಧನೆಯಲ್ಲ.

ಪೂರ್ಣಯ್ಯನವರಿಗೂ ಅವನಿಗೂ ಇದ್ದ ವ್ಯತ್ಯಾಸ ಬುದ್ಧಿಯದ್ದೋ ಶ್ರಮದ್ದೋ ಎಂದು ನನಗೆ ಅನ್ನಿಸುವುದಿಲ್ಲ. ಪೂರ್ಣಯ್ಯನವರಿದ್ದ ಅಂಗಡಿಗೆ ಅನ್ನದಾನ ಶೆಟ್ಟರು ಬಂದರು, ಹುಡುಗನನ್ನು ನೋಡಿದರು, ನೋಡಿ ಸುಮ್ಮನಾಗಲಿಲ್ಲ. ನನ್ನ ಸಹಪಾಠಿ ಇದ್ದ ಅಂಗಡಿಗೆ ನಾವೆಲ್ಲ ಹೋಗಿ ಸಾಮಾನು ಕಟ್ಟಿಸಿಕೊಂಡು ಬಂದೆವು. ಮೈಸೂರಿನ ಚರಿತ್ರೆಯಲ್ಲಿ ಅನ್ನದಾನ ಶೆಟ್ಟರಿಗೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗವಿಲ್ಲ. ಆದರೆ ಆ ಒಂದೆರಡು ಸಾಲು ಇಲ್ಲದಿದ್ದರೆ ಉಳಿದ ಪುಟಗಳೂ ಬೇರೆಯಾಗುತ್ತಿದ್ದವು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಓದಿ ಹೋದವರಲ್ಲಿ ಮೇಷ್ಟರು, ಪೊಲೀಸರು, ನರ್ಸ್‌ಗಳು, ರೇಷ್ಮೆ ಬೆಳೆಗಾರರು, ವ್ಯಾಪಾರಸ್ಥರು, ನನ್ನಂಥ ಇಂಜಿನಿಯರುಗಳು ಎಲ್ಲರೂ ಇದ್ದಾರೆ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕು ಎಂಬ ಮಾತು ಈ ಮಹೋತ್ಸವದ ಸಭೆಗಳಲ್ಲಿ ಬಂದಿದೆ. ಕಮಾನು, ಗಡಿಯಾರ, ಕುರ್ಚಿ ಕೊಡಲು ಮುಂದೆ ಬಂದವರಿಗೆಲ್ಲ ವಂದನೆಗಳು. ಅದರ ಜೊತೆಗೆ ನನ್ನದೊಂದು ಕೋರಿಕೆ ಇದೆ. ಯಾವುದಾದರೂ ಹುಡುಗ ಅಥವಾ ಹುಡುಗಿ ಹದಿನೈದು ದಿನ ಬಿಡದೆ ಶಾಲೆಗೆ ಬಾರದಿದ್ದರೆ, ಹಾಜರಿ ಪುಸ್ತಕದಿಂದ ಆ ಹೆಸರು ತೆಗೆಯುವ ಮೊದಲು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಫೋನ್ ಮಾಡಿ ಎಂದು ಈಗಿನ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಯಾರಾದರೂ ಇಬ್ಬರು ಆ ಮನೆಗೆ ಹೋಗಿ ಕೇಳಿ ಬರುತ್ತೇವೆ. ಹಣದ ತೊಂದರೆಯಾದರೆ ಸೇರಿ ಹೊಂದಿಸುತ್ತೇವೆ. ಬೇರೆ ತೊಂದರೆಯಾದರೆ ಮನೆಯವರ ಜೊತೆ ಕುಳಿತು ಮಾತನಾಡುತ್ತೇವೆ. ಮೊದಲ ಹೆಸರಾಗಿ ನನ್ನ ಹೆಸರು ಬರೆದುಕೊಳ್ಳಿ.

ಎರಡನೇ ಹೆಸರು ನನ್ನ ಸಹಪಾಠಿಯದು. ಈ ಲೇಖನ ಕಳಿಸುವ ಮೊದಲು ಅಂಗಡಿಗೆ ಹೋಗಿ ಅವನಿಗೆ ಓದಿ ಹೇಳಿ, ಒಪ್ಪಿ ಬರುತ್ತೀಯಾ ಎಂದು ಕೇಳಿದೆ. ಒಪ್ಪಿದ್ದಾನೆ. ಸಂಘದ ಲೆಕ್ಕವನ್ನೂ ಅವನೇ ಬರೆಯುತ್ತಾನಂತೆ.